ಹಬ್ ಬದಲಿಸುವ ಮುಂಚೆ ಚಾರ್ಜರ್ ಜಾಗ ಬದಲಿಸಿ

ಪ್ರಶ್ನೆ: ಸರ್, ಮಂಡಿಪೇಟೆಯ ಕೆಲವು ವ್ಯಾಪಾರಿಗಳ ಲೆಕ್ಕ, ಜಿಎಸ್‌ಟಿ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಎರಡು ಟೈಪ್-ಸಿ ಪೋರ್ಟ್ ಬಿಟ್ಟರೆ ಬೇರೇನೂ ಇಲ್ಲ. ಮೌಸ್, ಪ್ರಿಂಟರ್, ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ), ಬ್ಯಾಕಪ್ ಹಾರ್ಡ್ ಡಿಸ್ಕ್, 22 ಇಂಚಿನ ಮಾನಿಟರ್ ಎಲ್ಲವೂ ಒಂದು ಪೋರ್ಟನ್ನು ಹಲವು ಮಾಡುವ ಒಂದೇ ಹಬ್‌ನಲ್ಲಿವೆ, ಚಾರ್ಜರ್ ಕೂಡ. ಕರೆಂಟ್ ಹೋದಾಗಲೆಲ್ಲ ಹಾರ್ಡ್ ಡಿಸ್ಕ್ ಕೈಕೊಡುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿದ್ದರೂ ಹೀಗೇಕೆ? ನಂಬಬಹುದಾದ ಒಂದು ಹಬ್ ಹೆಸರು ಹೇಳಿ.
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮೇಡಂ, ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ. ಚಾರ್ಜರನ್ನು ಹಬ್‌ನಿಂದ ಕಿತ್ತು ಲ್ಯಾಪ್‌ಟಾಪ್‌ನ ಇನ್ನೊಂದು ಟೈಪ್-ಸಿಗೆ ನೇರವಾಗಿ ಹಾಕಿ. ಒಂದು ವಾರ ಹಾಗೇ ಕೆಲಸ ಮಾಡಿ ನೋಡಿ. ನಿಮ್ಮ ಅರ್ಧ ತಲೆನೋವು ಅಲ್ಲೇ ಮುಗಿಯಬಹುದು.

ಕಾರಣ ಹೇಳುತ್ತೇನೆ. ಚಾರ್ಜರ್ ಹಬ್‌ನಲ್ಲಿದ್ದಾಗ ಹಬ್ಬಿಗೂ ಲ್ಯಾಪ್‌ಟಾಪ್‌ಗೂ ಕರೆಂಟ್ ಚಾರ್ಜರ್‌ನಿಂದಲೇ ಬರುತ್ತದೆ. ಮನೆಯ ಕರೆಂಟ್ ಹೋದ ಕೂಡಲೇ ಆ ದಾರಿ ತಿರುಗಬೇಕು. ಈಗ ಲ್ಯಾಪ್‌ಟಾಪ್‌ ಹಬ್ಬಿಗೆ ಕರೆಂಟ್ ಕೊಡಬೇಕು. ಈ ಅದಲು ಬದಲಿನಲ್ಲಿ ಎಷ್ಟೋ ಹಬ್‌ಗಳು ಒಂದು ಕ್ಷಣ ಸತ್ತು ಮತ್ತೆ ಏಳುತ್ತವೆ. ಮೌಸ್‌ಗೆ ಅದು ಗೊತ್ತೂ ಆಗುವುದಿಲ್ಲ. ಫೈಲ್ ಬರೆಯುತ್ತಿದ್ದ ಹಾರ್ಡ್ ಡಿಸ್ಕ್‌ಗೆ ಮಾತ್ರ ಪೆಟ್ಟು. ಟೋಕನ್ ಕೂಡ ಮಾಯವಾಗಿ ಸೈನ್ ಅರ್ಧಕ್ಕೆ ನಿಲ್ಲುತ್ತದೆ. ಅದೂ 20ನೇ ತಾರೀಕಿನ ಸಂಜೆ ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಹಾಕುವಾಗಲೇ ಆದರೆ ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಿಲ್ಲ. ಕರೆಂಟ್ ವಾಪಸ್ ಬಂದಾಗ ಇದೇ ಕಥೆ ಇನ್ನೊಮ್ಮೆ. ಇನ್ವರ್ಟರ್ ಇದ್ದರೆ ಅದರ ಹಿಂದೆ, ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ, ಇದ್ದರೆ ಅದರಲ್ಲೇ ಇಡಿ. ಮತ್ತೆ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರ್ ಯಾವತ್ತೂ ಲ್ಯಾಪ್‌ಟಾಪ್‌ನ ಒಳಗೇ ಇರಲಿ. ಹೊರಗಿನ ಡಿಸ್ಕ್ ಬ್ಯಾಕಪ್‌ಗೆ ಮಾತ್ರ.

ಚಾರ್ಜರ್ ಬೇರೆಯಾದರೆ ಹಬ್ ಸದಾ ಲ್ಯಾಪ್‌ಟಾಪ್‌ನ ಕರೆಂಟ್‌ನಲ್ಲೇ ಓಡುತ್ತದೆ. ಮನೆಯ ಕರೆಂಟ್ ಹೋದರೂ ಬಂದರೂ ಅದಕ್ಕೆ ಲೆಕ್ಕವಿಲ್ಲ. ಆದರೆ ಒಂದು ಮಾತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಟೈಪ್-ಸಿ ನೋಡಲು ಒಂದೇ ಥರ ಇದ್ದರೂ ಮಾನಿಟರ್‌ಗೆ ಚಿತ್ರ ಕೊಡುವುದು ಒಂದೇ. ಚಾರ್ಜ್ ತಗೊಳ್ಳುವುದೂ ಒಂದೇ ಇರಬಹುದು. ಪೋರ್ಟ್ ಪಕ್ಕದ ಗುರುತು ನೋಡಿ ಊಹಿಸುವುದಕ್ಕಿಂತ, ತಳದಲ್ಲಿರುವ ಮಾಡೆಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ಓದಿ. ‘ಡಿಸ್‌ಪ್ಲೇಪೋರ್ಟ್’ (ಚಿತ್ರಕ್ಕೆ), ‘ಪವರ್ ಡೆಲಿವರಿ’ (ಚಾರ್ಜ್‌ಗೆ) ಎಂಬ ಎರಡು ಮಾತು ಯಾವ ಪೋರ್ಟಿನ ಎದುರು ಇವೆ ಅಂತ ತಿಳಿಯುತ್ತದೆ.

ಇಷ್ಟಾದ ಮೇಲೂ ಡಿಸ್ಕ್ ಬಿಟ್ಟುಹೋದರೆ ಹೊಸ ಹಬ್ ತಗೊಳ್ಳಿ. ಡಬ್ಬದ ಮೇಲಿನ ‘9 ಇನ್ 1’ ನೋಡಿ ಮರುಳಾಗಬೇಡಿ. ಚಾರ್ಜರ್ ತೂತು, ದೊಡ್ಡ ಮೆಮೊರಿ ಕಾರ್ಡ್, ಸಣ್ಣ ಮೆಮೊರಿ ಕಾರ್ಡ್, ಹೆಡ್‌ಫೋನ್ ಎಲ್ಲ ಸೇರಿಸಿ ಆ ಒಂಬತ್ತು. ಊಟದ ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿಯನ್ನೂ ಪಲ್ಯ ಅಂತ ಎಣಿಸಿದ ಹಾಗೆ. ನಿಜವಾದ ಯುಎಸ್‌ಬಿ ಎಷ್ಟೋ ಹಬ್‌ಗಳಲ್ಲಿ ಮೂರೇ ಇರುತ್ತವೆ, ಅದರಲ್ಲಿ ಎರಡು ಹಳೇ, ನಿಧಾನದ 2.0. 2.0 ಇರುವುದು ನಿಮಗೆ ತೊಂದರೆಯಲ್ಲ, ಬಿಡಿ. ಮೌಸ್, ಟೋಕನ್, ಪ್ರಿಂಟರ್‌ಗೆ 2.0 ಧಾರಾಳವಾಯಿತು. ಡಿಸ್ಕ್‌ಗೆ ಒಂದು 3.0 ಇದ್ದರೆ ಸಾಕು, ‘5 ಜಿಬಿಪಿಎಸ್’ ಅಂತ ಬರೆದಿರುತ್ತದೆ. ಒಟ್ಟು ನಾಲ್ಕು ಯುಎಸ್‌ಬಿ ನೋಡಿಕೊಳ್ಳಿ. 10 ಜಿಬಿಪಿಎಸ್‌ಗೆ ಜಾಸ್ತಿ ದುಡ್ಡು ಕೊಡುವುದು ತಿರುಗುವ ಹಾರ್ಡ್ ಡಿಸ್ಕ್ ಇಟ್ಟುಕೊಂಡವರಿಗೆ ಸುಮ್ನೆ ದಂಡ. 4ಕೆ ಮಾನಿಟರ್ ಇರುವವರು ಮಾನಿಟರ್ ವೈರ್ ಹಾಕುವ ಎಚ್‌ಡಿಎಂಐ ಎದುರು ‘60 ಹರ್ಟ್ಜ್’ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವುದು) ಇದೆಯಾ ನೋಡಬೇಕು, 30 ಇದ್ದರೆ ಮೌಸಿನ ಬಾಣ ಎಳೆದಾಡುತ್ತದೆ. ನಿಮ್ಮ 22 ಇಂಚಿನದು ಫುಲ್ ಎಚ್‌ಡಿ ಆಗಿದ್ದರೆ ಆ ಚಿಂತೆ ಇಲ್ಲ.

‘100 ವ್ಯಾಟ್’ ಅಂತ ದೊಡ್ಡದಾಗಿ ಬರೆದಿರುವುದು ಹಬ್ ತಡೆದುಕೊಳ್ಳುವ ಮಿತಿ. ನಿಮ್ಮದು 65 ವ್ಯಾಟ್ ಚಾರ್ಜರ್ ಆದರೆ ಬರುವುದೇ 65. ಹಬ್‌ನಲ್ಲಿ ಹಾಕಿದರೆ ಅದರಲ್ಲೂ 10–15 ವ್ಯಾಟನ್ನು ಹಬ್ ತನಗೇ ಇಟ್ಟುಕೊಳ್ಳುವುದುಂಟು.

ಕಂಪನಿ ಹೆಸರು ಕೇಳಿದ್ದೀರಿ. ಯುಗ್ರೀನ್, ಆಂಕರ್, ಪೋರ್ಟ್ರೋನಿಕ್ಸ್ ಎಲ್ಲ ಹಬ್ ಮಾಡುತ್ತವೆ. ಒಂದೇ ಕಂಪನಿಯಲ್ಲಿ ಹತ್ತು ಮಾಡೆಲ್ ಇರುವಾಗ ಹೆಸರೊಂದನ್ನೇ ನಂಬಿ ಏನು ಪ್ರಯೋಜನ? ಅಂಗಡಿಗೆ ನಿಮ್ಮ ಲ್ಯಾಪ್‌ಟಾಪ್, ಚಾರ್ಜರ್, ಒಂದು ಪೆನ್‌ಡ್ರೈವ್ ಹಿಡಿದುಕೊಂಡೇ ಹೋಗಿ. ಚಾರ್ಜರ್, ಪೆನ್‌ಡ್ರೈವ್ ಎರಡನ್ನೂ ಹಬ್ಬಿಗೆ ಹಾಕಿ, ಯಾವುದಾದರೂ ದೊಡ್ಡ ವಿಡಿಯೊ ಪೆನ್‌ಡ್ರೈವ್‌ಗೆ ಕಾಪಿ ಮಾಡಲು ಬಿಟ್ಟು, ನಡುವೆ ಚಾರ್ಜರ್ ಸ್ವಿಚ್ ಆಫ್ ಮಾಡಿ. ಕಾಪಿ ನಿಂತರೆ ಹಬ್ ವಾಪಸ್ ಕೊಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ! ಈ ಪರೀಕ್ಷೆಗೆ ನಿಮ್ಮ ಬ್ಯಾಕಪ್ ಡಿಸ್ಕ್ ಮಾತ್ರ ಬಳಸಬೇಡಿ. ಹಾಗೆಯೇ ಹಬ್ಬಿನ ವೈರ್ ಒಳಗೆ ಹೋಗುವ ಕತ್ತು ಗಟ್ಟಿ ಇದೆಯಾ ನೋಡಿ. ನನ್ನ ಟೇಬಲ್‌ಗೆ ಬರುವ ಸತ್ತ ಹಬ್‌ಗಳಲ್ಲಿ ಮುರಿದಿರುವುದು ಬಹುಪಾಲು ಅದೇ ಜಾಗ. ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲಿಟ್ಟು ಹಬ್ಬನ್ನು ಗಾಳಿಯಲ್ಲಿ ನೇತಾಡಿಸುವವರೇ ಜಾಸ್ತಿ.

ಪ್ರಶ್ನೆ: ಅಣ್ಣ, ಹಬ್ ಹಾಕಿದಾಗಿನಿಂದ ವೈರ್‌ಲೆಸ್ ಮೌಸ್ ತಡವರಿಸುತ್ತಿದೆ. ಹೊಸ ಸೆಲ್ ಹಾಕಿದರೂ ಅದೇ. ಮೌಸ್ ಹೋಯಿತಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಮೌಸ್ ಚೆನ್ನಾಗೇ ಇದೆ ತಮ್ಮಾ. ಯುಎಸ್‌ಬಿ 3.0 ಓಡುವಾಗ ಹೊಮ್ಮುವ ರೇಡಿಯೊ ಗದ್ದಲ ನಿನ್ನ ಮೌಸ್ ಬಳಸುವ 2.4 ಗಿಗಾಹರ್ಟ್ಜ್ ಮೇಲೇ ಬೀಳುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಬರೆದಿಟ್ಟಿದೆ. ಮೌಸಿನ ಪುಟ್ಟ ರಿಸೀವರನ್ನು ಹಬ್ಬಿನಿಂದ ತೆಗೆದು ಲ್ಯಾಪ್‌ಟಾಪಿನ ಆಚೆ ಬದಿಗೆ ಹಾಕು. ಅಲ್ಲಿ ಜಾಗ ಇಲ್ಲದಿದ್ದರೆ ಒಂದು ಎಕ್ಸ್‌ಟೆನ್ಷನ್ ವೈರ್ ತಂದು ರಿಸೀವರನ್ನು ಮೌಸಿನ ಹತ್ತಿರ ಇಡು. ವೈಫೈ ಕೂಡ ನಿಧಾನ ಆಗಿದ್ದರೆ 5 ಗಿಗಾಹರ್ಟ್ಜ್‌ಗೆ ಬದಲಿಸಿಕೋ.

ಪ್ರಶ್ನೆ: ಅಲ್ಯೂಮಿನಿಯಂ ಹಬ್ ಮುಟ್ಟಿದರೆ ಬಿಸಿ ಇರುತ್ತದೆ. ಅಪಾಯವೇ?
– ಓದುಗರು, ಹರಿಹರ

ಉತ್ತರ: ಒಳಗಿನ ಚಿಪ್‌ಗಳ ಬಿಸಿಯನ್ನು ಹೊರಗೆ ಹಾಕಲಿ ಅಂತಲೇ ಆ ಲೋಹದ ಕವಚ. ಬೆಚ್ಚಗಿದ್ದರೆ ಚಿಂತೆ ಬೇಡ. ಮುಟ್ಟಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಆಗಲೇ ಕಿತ್ತಿಡಿ. ಹಾಸಿಗೆ, ದಿಂಬಿನ ಮೇಲೆ ಇಟ್ಟು ಮಾತ್ರ ಬಳಸಬೇಡಿ.