ವೆಜ್ ಎಂದರೆ ಯಾವ ವೆಜ್?

ಪ್ರಶ್ನೆ: ಅಕ್ಕನ ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಆ ಖುಷಿಗೆ ಮನೆಯವರನ್ನೂ ಅವಳ ಸ್ನೇಹಿತರನ್ನೂ ಸೇರಿಸಿ ಹನ್ನೊಂದು ಮಂದಿಗೆ ಜಪಾನಿ-ಕೊರಿಯನ್ ಹೋಟೆಲಿನಲ್ಲಿ ಊಟ ಹಾಕಿಸುತ್ತಾಳಂತೆ. ನಾವು ಐವರು ಸಸ್ಯಾಹಾರಿಗಳು, ಅತ್ತೆಗೆ ನೀರುಳ್ಳಿ-ಬೆಳ್ಳುಳ್ಳಿಯೂ ಆಗದು. ಮೆನುವಿನಲ್ಲಿ ವೆಜ್ ಎಂದು ಕಂಡರೆ ಸಾಕಲ್ಲವೇ?
— ಓದುಗರು, ಪೆರ್ಲ

ಉತ್ತರ: ಸಾಲದು ಮಾರಾಯ್ರೆ. ಮೀನು ತುಂಡಾಗಿ ಬಂದರೆ ಕಣ್ಣಿಗೆ ಬೀಳುತ್ತದೆ, ಸಾರಾಗಿ ಬಂದರೆ ಇಲ್ಲ. ಜಪಾನಿ ಅಡುಗೆಯ ಬುಡವೇ ದಾಶಿ ಎಂಬ ತಿಳಿಸಾರು. ಕೊಂಬು ಎಂಬ ಕಡಲಪಾಚಿಯ ಜೊತೆ, ಹೊಗೆ ಹಾಕಿ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿ ಮಾಡಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು ಹಾಕುತ್ತಾರೆ. ಲಕ್ಷದ್ವೀಪದ ಮಿನಿಕಾಯಿಯಲ್ಲಿ ‘ಮಾಸ್’ ಎಂಬ ಒಣಮೀನು ಮಾಡುವುದೂ ಇದೇ ಮೀನಿನಿಂದ. ಹಾಗಾಗಿ ಹುಳಿ ಬರಿಸಿದ ಸೋಯಾ ಮುದ್ದೆಯ ಮಿಸೊ ಸೂಪಿನಲ್ಲಿ ತೋಫು, ಅಂದರೆ ಸೋಯಾ ಪನೀರು, ತೇಲುವುದನ್ನು ನೋಡಿ ನೆಚ್ಚಿಕೊಳ್ಳಬೇಡಿ. ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾದ ಒಳಗೆ ಬದನೆಯೇ ಇದ್ದರೂ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು. ಕೊರಿಯಾದ ಉಪ್ಪಿನಕಾಯಿಯಂಥ ಕಿಮ್ಚಿ ಕೋಸಿನದೇ ಹೌದು, ಆದರೆ ಅದಕ್ಕೆ ಸಾಮಾನ್ಯವಾಗಿ ಮೀನಿನ ಸಾಸೋ ಉಪ್ಪಿಗೆ ಹಾಕಿದ ಸಿಗಡಿಯೋ ಬೀಳುತ್ತದೆ, ಬೆಳ್ಳುಳ್ಳಿಯಂತೂ ಧಾರಾಳ.

ಮೊದಲೇ ಫೋನ್ ಮಾಡಿ. ‘ವೆಜ್ ಉಂಟಾ’ ಎಂದರೆ ಉಂಟು ಎಂದೇ ಹೇಳುತ್ತಾರೆ. ‘ಸಾರಿಗೆ ಏನು ಹಾಕುತ್ತೀರಿ, ಕೊಂಬು ಮಾತ್ರ ಹಾಕಿ ಮಾಡಿಕೊಡುತ್ತೀರಾ’ ಎಂದು ಕೇಳಿ. ಅತ್ತೆಗೆ ಸೌತೆಕಾಯಿ ಇಟ್ಟು ಸುತ್ತಿದ ಅನ್ನದ ಸುರುಳಿ ಕಪ್ಪಾ ಮಾಕಿ, ಸಿಪ್ಪೆ ಸಮೇತ ಬೇಯಿಸಿ ಉಪ್ಪು ಉದುರಿಸಿದ ಎಳೆ ಸೋಯಾ ಕಾಯಿ ಎಡಮಾಮೆ ಆದೀತು. ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲೂ ಕೊರಿಯಾದ ದೇಗುಲದ ಊಟದಲ್ಲೂ ನೀರುಳ್ಳಿ-ಬೆಳ್ಳುಳ್ಳಿ ವರ್ಜ್ಯವೇ. ಆದರೆ ಮಾಮೂಲಿ ಹೋಟೆಲಿನಲ್ಲಿ ಅದನ್ನು ನಿರೀಕ್ಷಿಸಬೇಡಿ.

ಇನ್ನು ಎಂಜಲು. ನೀವು ಬರೆಯದಿದ್ದರೂ ಅತ್ತೆಯ ಮನಸ್ಸಲ್ಲಿ ಇದ್ದೇ ಇರುತ್ತದೆ. ಕೊರಿಯನ್ ಊಟದಲ್ಲಿ ಬಾಂಛಾನ್ ಎಂಬ ನಂಜಿಕೊಳ್ಳುವ ಪದಾರ್ಥಗಳ ಸಣ್ಣ ಸಣ್ಣ ಬಟ್ಟಲುಗಳು ಎಲ್ಲರ ನಡುವೆ ಬಂದು ಕೂರುತ್ತವೆ. ಬಾಯಿಗಿಟ್ಟ ಊಟದ ಕಡ್ಡಿಯೇ (ಚಾಪ್‌ಸ್ಟಿಕ್) ಮತ್ತೆ ಅದರೊಳಗೆ. ಬಾರ್ಬೆಕ್ಯೂ ಆದರೆ ಮೇಜಿನ ಮೇಲೇ ಹಂದಿಮಾಂಸ ಚುರುಗುಟ್ಟುತ್ತದೆ. ‘ಒಟ್ಟಿಗೆ ಕೂತರೇ ಚೆಂದ’ ಎಂದು ಹುಡುಗರು ಹೇಳಿಯಾರು. ನೀವು ಪಕ್ಕಪಕ್ಕದ ಎರಡು ಮೇಜು ಹಿಡಿಯಿರಿ. ನಿಮ್ಮ ಮೇಜಿಗೆ ಬಟ್ಟಲಿಗೊಂದು ಬೇರೆ ಚಮಚ ಕೇಳಿ. ಬಾಂಛಾನ್ ಖಾಲಿಯಾದರೆ ಮತ್ತೆ ತುಂಬಿಸಿ ಕೊಡುವುದು ಕೊರಿಯಾದ ರೂಢಿ. ಸಂಕೋಚ ಬೇಡ.

ಪ್ರಶ್ನೆ: ಆ ಕಡ್ಡಿ ಹಿಡಿಯಲು ಬಾರದವರು ಏನು ಮಾಡಬೇಕು?
— ಓದುಗರು, ಕುಂಬಳೆ

ಉತ್ತರ: ಕೊರಿಯಾದವರೇ ಅನ್ನವನ್ನು ಚಮಚದಲ್ಲಿ ತಿನ್ನುತ್ತಾರೆ. ಸುಶಿ ಎಂಬ ಅನ್ನದ ತುತ್ತನ್ನು ಕೈಯಲ್ಲಿ ತಿಂದರೆ ಜಪಾನಿನಲ್ಲೂ ತಪ್ಪಲ್ಲ. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಮಾತ್ರ ಇಡಬೇಡಿ, ಅಲ್ಲಿ ಅದು ಸತ್ತವರಿಗೆ ಎಡೆ ಇಡುವ ಕ್ರಮ.