ಅಂಧರಿಗೆ ಕೀಲಿಮಣೆಯೋ, ಟಚ್ ಸ್ಕ್ರೀನೋ?

ಪ್ರಶ್ನೆ: ಕಣ್ಣು ಕಾಣದ ನನ್ನ ತಮ್ಮ ಪಿಯುಸಿ ಮುಗಿಸಿ ಪದವಿಗೆ ಸೇರುತ್ತಿದ್ದಾನೆ. ಅವನಿಗೆ ಲ್ಯಾಪ್‌ಟಾಪ್ ಕೊಡಿಸಬೇಕೆ, ಟಚ್ ಸ್ಕ್ರೀನ್ ಇರುವ ಟ್ಯಾಬ್ಲೆಟ್ ಸಾಕೆ?
— ಓದುಗರೊಬ್ಬರು, ಹಾಸನ

ಉತ್ತರ: ಪುಟಗಟ್ಟಲೆ ಬರೆಯಬೇಕಾದವರಿಗೆ ಲ್ಯಾಪ್‌ಟಾಪೇ ಸರಿಯೆಂಬುದು ನನ್ನ ಖಚಿತ ಅಭಿಪ್ರಾಯ. ಕೀಲಿಮಣೆಯ ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆಗಳಿರುತ್ತವೆ. ಎರಡೂ ತೋರುಬೆರಳುಗಳು ಅಲ್ಲಿ ನೆಲೆಯಾದರೆ, ಉಳಿದ ಕೀಲಿಗಳ ಜಾಗ ಕೆಲವೇ ವಾರಗಳ ಅಭ್ಯಾಸದಿಂದ ಬೆರಳುಗಳಿಗೇ ತಿಳಿದುಬಿಡುತ್ತದೆ. ಉಚಿತವಾಗಿ ದೊರೆಯುವ ಎನ್‌ವಿಡಿಎ ತಂತ್ರಾಂಶವು ಪರದೆಯಲ್ಲಿರುವುದನ್ನು ಕನ್ನಡದಲ್ಲಿಯೂ ಓದಿ ಹೇಳುತ್ತದೆ. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ ನೇರವಾಗಿ ಒಯ್ಯುತ್ತದೆ.

ಹಾಗೆಂದು ಟಚ್ ಸ್ಕ್ರೀನ್ ಅಂಧರಿಗೆ ಒಗ್ಗದೆಂಬುದು ಹಳೆಯ ಮಾತು. 2009ರ ಐಫೋನ್ 3ಜಿಎಸ್‌ನಲ್ಲಿ ಬಂದ ವಾಯ್ಸ್‌ಓವರ್, ನುಣುಪಾದ ಗಾಜಿನ ಮೇಲೆ ಬೆರಳು ಸವರಿದಲ್ಲಿ ಏನಿದೆಯೆಂದು ಹೇಳಿ, ಎರಡು ಬಾರಿ ತಟ್ಟಿದಾಗ ಅದನ್ನು ತೆರೆಯತೊಡಗಿತು. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಒಂದೊಂದೇ ಅಕ್ಷರವನ್ನು ಹುಡುಕಿ, ಕೇಳಿ, ಒತ್ತಿ ಪ್ರಬಂಧ ಬರೆಯುವುದು ನಿಜಕ್ಕೂ ದಣಿವಿನ ಕೆಲಸ. ಬ್ರೈಲ್ ಬಲ್ಲವರಾದರೆ ಪರದೆಯ ಮೇಲೆಯೇ ಆರು ಚುಕ್ಕಿಗಳಿಂದ ವೇಗವಾಗಿ ಬರೆಯಬಹುದು. ಟ್ಯಾಬ್ಲೆಟನ್ನು ಈಗಾಗಲೇ ಕೊಂಡಿದ್ದರೆ, ಅದಕ್ಕೊಂದು ಬ್ಲೂಟೂತ್ ಕೀಲಿಮಣೆ ಜೋಡಿಸಿಕೊಡಿ.