ಹಣ ಹೊಲಕ್ಕೋ, ಹೊಲ ಉಳುವವರಿಗೋ?

ಗದಗ ಜಿಲ್ಲೆಯ ಓದುಗರೊಬ್ಬರ ಪತ್ರ: ‘ಅಮೆರಿಕದಲ್ಲಿ ರೈತರಿಗೆ ಸರ್ಕಾರ ದೊಡ್ಡ ಮೊತ್ತ ಕೊಡುತ್ತದೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಐದು ಎಕರೆ ಲಾವಣಿ (ಗೇಣಿ) ಹಾಕಿಕೊಂಡು ಹತ್ತಿ ಬೆಳೆಯುತ್ತೇನೆ. ಕಿಸಾನ್ ಸಮ್ಮಾನ್ ಹಣ ಹೊಲದ ಮಾಲೀಕರಿಗೆ ಹೋಗುತ್ತದೆ. ಅಲ್ಲಿ ನನ್ನಂಥವರಿಗೆ ಏನಾದರೂ ಸಿಗುತ್ತದಾ?’

ನಮಸ್ಕಾರ. ಆ ಲೇಖನದಲ್ಲೇ ಇರಬೇಕಾಗಿದ್ದ ಪ್ರಶ್ನೆ ಇದು. ನಾವು ಬಿಟ್ಟಿದ್ದು ತಪ್ಪು.

ನೀವು ಹತ್ತಿ ಬೆಳೆಯುವವರು, ಹಾಗಾಗಿ ಹತ್ತಿಯದೇ ಕತೆ ಹೇಳುತ್ತೇನೆ. 1933ರಲ್ಲಿ ಅಲ್ಲಿ ಹತ್ತಿ ದರ ನೆಲ ಕಚ್ಚಿತ್ತು. ಬೆಳೆ ಕಡಿಮೆಯಾದರೆ ದರ ಏರುತ್ತದೆ ಅಂತ ಸರ್ಕಾರ ಹಣ ಕೊಟ್ಟು ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಹಾಕಿಸಿತು. ನಿಂತ ಬೆಳೆಯ ಮೇಲೆ ನೇಗಿಲು! ಗಿಡ ತುಳಿಯಬಾರದು ಅಂತ ಪಳಗಿಸಿದ್ದ ಹೇಸರಗತ್ತೆಗಳು ಹತ್ತಿಯ ಮೇಲೆ ಕಾಲಿಡಲು ಒಪ್ಪಲಿಲ್ಲ ಅಂತ ಆಗಿನವರು ಹೇಳುತ್ತಿದ್ದರಂತೆ.

ಮುಂದಿನ ಎರಡು ವರ್ಷ ಹತ್ತಿ ಬಿತ್ತದೆ ಹೊಲ ಬಿಟ್ಟವರಿಗೆ ಹಣ. ಪೌಂಡಿಗೆ (ಸುಮಾರು ಅರ್ಧ ಕಿಲೋ) ನಾಲ್ಕೂವರೆ ಸೆಂಟ್; ನೂರು ಸೆಂಟ್ ಸೇರಿದರೆ ಒಂದು ಡಾಲರ್. ಅದರಲ್ಲಿ ಪಾಲಿಗೆ ದುಡಿಯುವವನಿಗೆ ಅರ್ಧ ಸೆಂಟ್, ಉಳಿದ ನಾಲ್ಕು ಮಾಲೀಕನಿಗೆ. ಆ ಅರ್ಧ ಸೆಂಟ್ ಕೂಡ ಮಾಲೀಕನ ಕೈ ದಾಟಿ ಬರಬೇಕಿತ್ತು. ಎಷ್ಟೋ ಕಡೆ ಬರಲೇ ಇಲ್ಲ. ಬಿತ್ತುವ ಹೊಲ ಕಡಿಮೆಯಾದ ಮೇಲೆ ಆಳುಗಳೂ ಜಾಸ್ತಿ ಬೇಡ ಅಲ್ವಾ? ಕುಟುಂಬಗಳನ್ನೇ ಒಕ್ಕಲೆಬ್ಬಿಸಿದರು. ದೂರು ಕೊಡೋಣ ಎಂದರೆ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಸಮಿತಿಯಲ್ಲಿ ಕೂತವರೂ ಹೆಚ್ಚಾಗಿ ಮಾಲೀಕರೇ.

ಅರ್ಕಾನ್ಸಾಸ್ ರಾಜ್ಯದ ಪಾಯಿನ್ಸೆಟ್ ಕೌಂಟಿಯಲ್ಲಿ ಟೈರೋನ್ಜಾ ಅಂತ ಸಣ್ಣ ಊರು. 1934ರ ಜುಲೈನಲ್ಲಿ ಅದರ ಹತ್ತಿರದ ಒಂದು ಶಾಲೆಯಲ್ಲಿ 11 ಬಿಳಿಯರು, 7 ಕರಿಯರು ಸೇರಿ ಗೇಣಿದಾರರ ಸಂಘ ಕಟ್ಟಿದರು. ಆ ಕಾಲದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇಬ್ಬರೂ ಒಂದೇ ಸಂಘದಲ್ಲಿ ಕೂರುವುದೇ ಜೀವಕ್ಕೆ ಅಪಾಯದ ಮಾತು. ವಾಷಿಂಗ್ಟನ್ನಿನಲ್ಲಿ ಕೆಲವು ಸರ್ಕಾರಿ ವಕೀಲರು ಇವರ ಪರ ನಿಂತರು. ಹೊಲದಲ್ಲಿದ್ದವರನ್ನೇ ಉಳಿಸಿಕೊಳ್ಳಬೇಕು ಅಂತ, ಸರ್ಕಾರ ಮಾಲೀಕರ ಜೊತೆ ಮಾಡಿಕೊಂಡಿದ್ದ ಹತ್ತಿ ಒಪ್ಪಂದಕ್ಕೆ ಅರ್ಥ ಹೇಳಿದರು. 1935ರ ಫೆಬ್ರವರಿಯಲ್ಲಿ ಆ ವಕೀಲರನ್ನೇ ಕೆಲಸದಿಂದ ತೆಗೆದರು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಅಲ್ಲಿಯ ನಿಯಮ ಬೇರೆ. ಬೆಳೆ ನಷ್ಟದ ಹೊರೆ ಯಾರದೋ ಸಹಾಯಧನ ಅವರಿಗೆ. ನಗದು ಲಾವಣಿಯಾದರೆ ಪೂರ್ತಿ ಲಾವಣಿದಾರನಿಗೆ, ಪಾಲಿಗಾದರೆ ಇಬ್ಬರಿಗೂ ಪಾಲಿನಂತೆ. ಆದರೆ ಹಣ ಬರುವುದು ಗೊತ್ತಿರುವ ಮಾಲೀಕ ಲಾವಣಿ ದರ ಏರಿಸಿ ಒಂದಷ್ಟು ವಾಪಸ್ ಪಡೆಯುತ್ತಾನೆ. ಅದನ್ನೂ ಹೇಳಬೇಕು.

ನಮ್ಮಲ್ಲಿ ವರ್ಷದ 6,000 ರೂಪಾಯಿ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರಿಗೆ ಮಾತ್ರ. ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ಬಂದ 1974ರ ತಿದ್ದುಪಡಿ ಗೇಣಿಯನ್ನು ನಿಷೇಧಿಸಿತು. ಆಗ ಉಳುವವನಿಗೆ ಭೂಮಿ ಕೊಡಿಸಿದ ದೊಡ್ಡ ಕಾನೂನು ಅದು. ಆದರೆ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಬೀಜ, ಗೊಬ್ಬರ, ಸಾಲ ಎಲ್ಲ ನಿಮ್ಮದು. ಕಾಗದದಲ್ಲಿ ನೀವೇ ಇಲ್ಲ. ಹೊಲದಲ್ಲಿ ಯಾರು ದುಡಿಯುತ್ತಿದ್ದಾರೆ ಅಂತ ಸರ್ಕಾರ ಬರೆದಿಟ್ಟುಕೊಳ್ಳಬೇಕು, ಅದರಿಂದ ಮಾಲೀಕರ ಹಕ್ಕಿಗೆ ಧಕ್ಕೆಯಿಲ್ಲ ಎಂಬ ಭರವಸೆಯನ್ನೂ ಕೊಡಬೇಕು. ಇಲ್ಲದಿದ್ದರೆ ಯಾವ ಮಾಲೀಕರೂ ನಿಮ್ಮ ಹೆಸರು ಹೇಳುವುದಿಲ್ಲ.

ಮುಂದಿನ ಸಂಚಿಕೆಗೆ ಲಾವಣಿ, ಕೋರು (ಪಾಲಿಗೆ ಸಾಗುವಳಿ) ಮಾಡುವವರ ಪತ್ರಗಳನ್ನು ಕರೆಯುತ್ತಿದ್ದೇವೆ. ಮಳೆ ಕೈಕೊಟ್ಟ ವರ್ಷ ಪರಿಹಾರದ ಹಣ ಯಾರ ಕೈ ಸೇರಿತು, ಮಾಲೀಕರ ಜೊತೆ ಮಾತು ಏನಾಗಿತ್ತು, ನೀವೇ ಮೊದಲು ಬರೆಯಿರಿ. ಬೇಡವೆಂದರೆ ಹೆಸರು ಹಾಕುವುದಿಲ್ಲ.

— ಸಂಪಾದಕ